ಬಂದೂಕು ಇಳಿಸಿದ ಮೇಲೆ ಕುರ್ಚಿ ಹಂಚುವುದು ಹೇಗೆ: ಉತ್ತರ ಐರ್ಲೆಂಡಿನ ಯಂತ್ರ ಬಿಚ್ಚಿ ನೋಡಿದಾಗ

ಒಳಯುದ್ಧ ನಿಲ್ಲಿಸುವ ಒಪ್ಪಂದಕ್ಕೆ ಕೂತವರು ಮೊದಲು ಕಿತ್ತಾಡುವುದು ಯಾರಿಗೆ ಎಷ್ಟು ಮಂತ್ರಿಗಿರಿ ಎಂಬುದಕ್ಕೆ. ಇಡೀ ಕೆಲಸದಲ್ಲಿ ಸುಲಭದ ಭಾಗ ಅದೇ. ಭಾಗಾಕಾರ ಬಂದರೆ ಸಾಕು. ಕಷ್ಟ ಇರುವುದು ಬೇರೆ ಮೂರು ಕಡೆ: ಯಾರು ಏನನ್ನು ತಡೆಯಬಹುದು, ಬಂದೂಕಿನ ಕೋಣೆಯ ಕೀಲಿ ಯಾರ ಬಳಿ, ಮತ್ತು ಒಬ್ಬರು ಸಿಟ್ಟು ಮಾಡಿಕೊಂಡು ಕುರ್ಚಿ ಬಿಟ್ಟು ಹೊರಟ ದಿನ ಸರ್ಕಾರದ ಗತಿ ಏನು. ಈ ಮೂರನೆಯದನ್ನು ಬಹುತೇಕ ಒಪ್ಪಂದಗಳು ಕೊನೆಯ ಪುಟಕ್ಕೆ ತಳ್ಳುತ್ತವೆ. ಕರಡು ಬರೆಯುವವರು ಅದನ್ನೇ ಮೊದಲು ಬರೆಯಬೇಕು.

ಇಲ್ಲಿ ಮುಖ್ಯ ಮಾದರಿಯಾಗಿ ಉತ್ತರ ಐರ್ಲೆಂಡನ್ನು ಇಟ್ಟುಕೊಂಡಿದ್ದೇವೆ. ಕಾರಣ ಸರಳ. ಅಲ್ಲಿನ ಯಂತ್ರದ ಪ್ರತಿ ತಿರುಪೂ ಕಾನೂನಿನಲ್ಲಿ ಬರೆದಿದೆ, ಪ್ರತಿ ತಿರುಪೂ ಒಮ್ಮೆಯಾದರೂ ಸಡಿಲವಾಗಿದೆ. ಅಗತ್ಯವಿದ್ದಲ್ಲಿ ದಕ್ಷಿಣ ಆಫ್ರಿಕಾ, ಲೆಬನಾನ್, ನೇಪಾಳ, ದಕ್ಷಿಣ ಸುಡಾನ್ ಮುಂತಾದ ಕಡೆಯ ಬಿಡಿಭಾಗಗಳನ್ನು ಪಕ್ಕಕ್ಕಿಟ್ಟು ನೋಡೋಣ.

ಹಿನ್ನೆಲೆ ಇಷ್ಟು. ಬ್ರಿಟನ್ ಜೊತೆಗೇ ಇರಬೇಕೆನ್ನುವ ಯೂನಿಯನಿಸ್ಟರು (ಹೆಚ್ಚಿನವರು ಪ್ರೊಟೆಸ್ಟೆಂಟರು) ಒಂದು ಕಡೆ, ಐರ್ಲೆಂಡ್ ಜೊತೆ ಒಂದಾಗಬೇಕೆನ್ನುವ ನ್ಯಾಷನಲಿಸ್ಟರು (ಹೆಚ್ಚಿನವರು ಕ್ಯಾಥೊಲಿಕರು) ಇನ್ನೊಂದು ಕಡೆ. 1960ರ ದಶಕದ ಕೊನೆಯಿಂದ ಮೂರು ದಶಕ ನಡೆದ ಹಿಂಸೆಯಲ್ಲಿ ಸುಮಾರು 3,500 ಜನ ಸತ್ತರು. 1998ರ ಏಪ್ರಿಲ್ 10ರಂದು, ಗುಡ್ ಫ್ರೈಡೇ ದಿನ, ಬೆಲ್‌ಫಾಸ್ಟ್‌ನಲ್ಲಿ ಒಪ್ಪಂದವಾಯಿತು. ಮೇ 22ರ ಜನಮತಗಣನೆಯಲ್ಲಿ ಉತ್ತರ ಐರ್ಲೆಂಡಿನ ಶೇ. 71.1 ಮತದಾರರು ಹೂಂ ಅಂದರು.

ಮಾತುಕತೆಗೆ ಯಾರನ್ನು ಕೂರಿಸಬೇಕು

ಗಲಾಟೆ ಮಾಡಬಲ್ಲವರನ್ನು ಹೊರಗಿಟ್ಟು ಸಜ್ಜನರಷ್ಟೇ ಕೂತು ಮಾಡಿದ ಒಪ್ಪಂದ ನಿಲ್ಲುವುದಿಲ್ಲ. ಉತ್ತರ ಐರ್ಲೆಂಡ್ ಇದನ್ನು ಕೈಸುಟ್ಟುಕೊಂಡೇ ಕಲಿತದ್ದು. 1973ರ ಸನಿಂಗ್‌ಡೇಲ್ ಒಪ್ಪಂದದ ಪ್ರಕಾರ ಮಧ್ಯಮಮಾರ್ಗಿ ಪಕ್ಷಗಳ ಜಂಟಿ ಸರ್ಕಾರ 1974ರ ಜನವರಿ 1ರಂದು ಅಧಿಕಾರಕ್ಕೆ ಬಂತು. ಮೇ ತಿಂಗಳಲ್ಲಿ ಯೂನಿಯನಿಸ್ಟ್ ಕಾರ್ಮಿಕರು ಎರಡು ವಾರ ಮುಷ್ಕರ ಹೂಡಿದರು, ವಿದ್ಯುತ್ ಕೇಂದ್ರಗಳು ನಿಂತವು, ಮೇ 28ಕ್ಕೆ ಸರ್ಕಾರವೂ ಬಿತ್ತು. ಐದು ತಿಂಗಳು ತುಂಬಿರಲಿಲ್ಲ.

ಎರಡನೇ ಸಲ ಪ್ರವೇಶದ್ವಾರವನ್ನೇ ಬೇರೆ ರೀತಿ ಕಟ್ಟಿದರು. 1996ರ ಮೇಯಲ್ಲಿ ಮಾತುಕತೆಯ ಪ್ರತಿನಿಧಿಗಳನ್ನು ಆರಿಸಲೆಂದೇ ಒಂದು ಚುನಾವಣೆ ನಡೆಯಿತು. 18 ಕ್ಷೇತ್ರಗಳಿಂದ ತಲಾ 5 ಸ್ಥಾನ, ಒಟ್ಟು 90. ಇದರ ಮೇಲೆ ಅತಿ ಹೆಚ್ಚು ಮತ ಪಡೆದ ಮೊದಲ 10 ಪಕ್ಷಗಳಿಗೆ ತಲಾ 2 ಸ್ಥಾನ. ಜಾಣತನವೆಲ್ಲ ಈ 20 ಹೆಚ್ಚುವರಿ ಸ್ಥಾನಗಳಲ್ಲಿತ್ತು. ಯೂನಿಯನಿಸ್ಟ್ ಶಸ್ತ್ರಧಾರಿ ಗುಂಪುಗಳ ನಂಟಿದ್ದ ಎರಡು ಪುಟ್ಟ ಪಕ್ಷಗಳಿಗೂ, ಮಹಿಳೆಯರ ಪಕ್ಷವಾದ ವಿಮೆನ್ಸ್ ಕೊಅಲಿಷನ್‌ಗೂ ಒಳಗೆ ಬರುವ ದಾರಿ ಅದರಿಂದಲೇ ಸಿಕ್ಕಿತು. ನೇರ ಚುನಾವಣೆಯಲ್ಲಿ ಗೆಲ್ಲಲಾಗದ, ಆದರೆ ಬೀದಿಗಿಳಿದರೆ ಊರು ಬಂದ್ ಮಾಡಿಸಬಲ್ಲ ಗುಂಪುಗಳಿಗೆ ಇಂಥದ್ದೊಂದು ಕಿಟಕಿ ಬೇಕು.

ಬಾಗಿಲಲ್ಲಿ ಷರತ್ತೂ ಇತ್ತು. ಅಮೆರಿಕದ ಮಾಜಿ ಸೆನೆಟರ್ ಜಾರ್ಜ್ ಮಿಚೆಲ್ ರೂಪಿಸಿದ ಆರು ಅಹಿಂಸಾ ತತ್ವಗಳಿಗೆ ಒಪ್ಪಬೇಕು. ನ್ಯಾಷನಲಿಸ್ಟ್ ಕಡೆಯ ಶಸ್ತ್ರಧಾರಿ ಸಂಘಟನೆ ಐಆರ್‌ಎ 1997ರ ಜುಲೈಯಲ್ಲಿ ಮತ್ತೆ ಕದನವಿರಾಮ ಸಾರಿದ ಮೇಲೆಯೇ ಅದರ ರಾಜಕೀಯ ಮುಖವಾದ ಸಿನ್ ಫೇನ್ ಸೆಪ್ಟೆಂಬರಿನಲ್ಲಿ ಒಳಗೆ ಬಂತು. ಅದು ಬಂದಿತೆಂದು ಇಯಾನ್ ಪೇಸ್ಲಿಯ ಕಟ್ಟಾ ಯೂನಿಯನಿಸ್ಟ್ ಪಕ್ಷ ಡಿಯುಪಿ ಹೊರನಡೆಯಿತು. ಆದರೂ ಮಾತುಕತೆ ನಿಲ್ಲಲಿಲ್ಲ, ಏಕೆಂದರೆ ನಿರ್ಣಯದ ನಿಯಮ ಸರ್ವಾನುಮತವಲ್ಲ, ‘ಸಾಕಷ್ಟು ಒಮ್ಮತ’. ಎರಡೂ ಸಮುದಾಯಗಳ ಬಹುಮತ ಪ್ರತಿನಿಧಿಸುವ ಪಕ್ಷಗಳು ಒಪ್ಪಿದರೆ ಆಯಿತು. ಸರ್ವಾನುಮತ ಬೇಕೆಂದು ಬರೆದಿದ್ದರೆ ಒಬ್ಬರು ಬಾಗಿಲು ಬಡಿದುಕೊಂಡು ಹೋದ ದಿನವೇ ಆಟ ಮುಗಿಯುತ್ತಿತ್ತು.

ಖಾತೆ ಹಂಚುವ ಲೆಕ್ಕ

ಎರಡು ದಾರಿಗಳಿವೆ. ಒಂದು, ಸಂಖ್ಯೆಯನ್ನು ಒಪ್ಪಂದದಲ್ಲೇ ಬರೆದುಬಿಡುವುದು. 2018ರ ದಕ್ಷಿಣ ಸುಡಾನ್ ಒಪ್ಪಂದ ಹಾಗೆ ಮಾಡಿತು: 35 ಮಂತ್ರಿಗಳು, ಅದರಲ್ಲಿ ಅಧ್ಯಕ್ಷ ಸಾಲ್ವಾ ಕೀರ್ ಬಣಕ್ಕೆ 20, ರಿಯೆಕ್ ಮಚಾರ್ ಬಣಕ್ಕೆ 9, ಉಳಿದ ಮೂರು ಗುಂಪುಗಳಿಗೆ 3, 2, 1. ಜೊತೆಗೆ ಐವರು ಉಪಾಧ್ಯಕ್ಷರು, 550 ಸದಸ್ಯರ ಸಂಸತ್ತು. ಇದರ ಅನುಕೂಲವೆಂದರೆ ಚುನಾವಣೆ ಇಲ್ಲದೆಯೂ ನಾಳೆಯೇ ಸರ್ಕಾರ ರಚಿಸಬಹುದು. ಅನನುಕೂಲವೆಂದರೆ ಚುನಾವಣೆ ನಡೆಸುವ ಆತುರ ಯಾರಿಗೂ ಇರುವುದಿಲ್ಲ. ನಡೆಸಿದರೆ ಒಪ್ಪಂದ ಕೊಟ್ಟ ಪಾಲು ಹೋಗಬಹುದು. ಅಲ್ಲಿನ ಚುನಾವಣೆ 2022ರಿಂದ 2024ಕ್ಕೆ, ಅಲ್ಲಿಂದ 2026ಕ್ಕೆ ಮುಂದೆ ಹೋದದ್ದು ಆಶ್ಚರ್ಯವೇನಲ್ಲ.

ಇನ್ನೊಂದು, ಸೂತ್ರ ಬರೆಯುವುದು. ಉತ್ತರ ಐರ್ಲೆಂಡ್ ಬಳಸುವುದು ಬೆಲ್ಜಿಯಂನ ಡಿಹಾಂಟ್ ಹೆಸರಿನ ಸೂತ್ರ. ಪ್ರತಿ ಪಕ್ಷದ ಸ್ಥಾನಗಳ ಸಂಖ್ಯೆಯನ್ನು, ಅದು ಆಗಲೇ ಪಡೆದ ಖಾತೆಗಳ ಸಂಖ್ಯೆಗೆ ಒಂದು ಕೂಡಿಸಿ, ಅದರಿಂದ ಭಾಗಿಸಿ. ಯಾರ ಭಾಗಲಬ್ಧ ದೊಡ್ಡದೋ ಅವರ ಸರದಿ. ಅವರು ಒಂದು ಖಾತೆ ಆರಿಸಿಕೊಂಡ ಮೇಲೆ ಮತ್ತೆ ಲೆಕ್ಕ.

2022ರ ಚುನಾವಣೆಯ ಅಂಕಿಗಳಿಂದ ಮಾಡಿ ನೋಡಿ. 90 ಸ್ಥಾನಗಳಲ್ಲಿ ಸಿನ್ ಫೇನ್ 27, ಡಿಯುಪಿ 25, ಯಾವ ಕಡೆಗೂ ಸೇರದ ಅಲಯನ್ಸ್ 17, ಯೂನಿಯನಿಸ್ಟರ ಇನ್ನೊಂದು ಪಕ್ಷ ಯುಯುಪಿ 9, ನ್ಯಾಷನಲಿಸ್ಟರ ಇನ್ನೊಂದು ಪಕ್ಷ ಎಸ್‌ಡಿಎಲ್‌ಪಿ 8, ಉಳಿದವರು 4. ಹಂಚಬೇಕಾದ ಖಾತೆ 7.

ಸಿನ್ ಫೇನ್: 27, ನಂತರ 13.5, ನಂತರ 9
ಡಿಯುಪಿ: 25, ನಂತರ 12.5, ನಂತರ 8.33
ಅಲಯನ್ಸ್: 17, ನಂತರ 8.5
ಯುಯುಪಿ: 9
ಎಸ್‌ಡಿಎಲ್‌ಪಿ: 8

ಈ ರಾಶಿಯಿಂದ ದೊಡ್ಡ ಏಳನ್ನು ಹೆಕ್ಕಿ: 27, 25, 17, 13.5, 12.5, 9, 9. ಸಿನ್ ಫೇನ್‌ಗೆ 3, ಡಿಯುಪಿಗೆ 2, ಅಲಯನ್ಸ್ ಮತ್ತು ಯುಯುಪಿಗೆ ಒಂದೊಂದು. ಎಂಟು ಸ್ಥಾನದ ಎಸ್‌ಡಿಎಲ್‌ಪಿಗೆ ಏನೂ ಇಲ್ಲ; 2024ರಲ್ಲಿ ಅದು ಅಧಿಕೃತ ವಿರೋಧ ಪಕ್ಷವಾಗಿ ಕೂತಿತು.

ಎರಡು 9 ಬಂದದ್ದನ್ನು ಗಮನಿಸಿದಿರಾ? ಇಂಥ ಜಾಗದಲ್ಲೇ ಒಪ್ಪಂದಗಳು ಎಡವುವುದು. ಯಾರು ಮೊದಲು ಆರಿಸಬೇಕು ಎಂಬ ನಿಯಮ ಮೊದಲೇ ಇರಬೇಕು. ಉತ್ತರ ಐರ್ಲೆಂಡಿನ ಕಾನೂನು, ಸಮವಾದಾಗ ಸ್ಥಾನಗಳ ಬದಲು ಮೊದಲ ಪ್ರಾಶಸ್ತ್ಯದ ಮತಗಳನ್ನು ಹಾಕಿ ಅದೇ ಭಾಗಾಕಾರ ಮತ್ತೆ ಮಾಡಿ ಅನ್ನುತ್ತದೆ. ಸಿನ್ ಫೇನ್‌ನ ಶೇ. 29 ಮತವನ್ನು ಮೂರರಿಂದ ಭಾಗಿಸಿದರೆ 9.7, ಯುಯುಪಿಯ ಶೇ. 11.2 ಅದಕ್ಕಿಂತ ದೊಡ್ಡದು. ಹಾಗಾಗಿ ಸಣ್ಣ ಪಕ್ಷಕ್ಕೆ ಮೊದಲ ಸರದಿ. ಚೀಟಿ ಎತ್ತುವುದೋ, ದೊಡ್ಡ ಪಕ್ಷಕ್ಕೆ ಬಿಡುವುದೋ ಯಾವುದಾದರೂ ಇರಲಿ, ಫಲಿತಾಂಶ ಬರುವ ಮೊದಲೇ ಅಕ್ಷರದಲ್ಲಿರಬೇಕು.

ಇನ್ನೊಂದು ಮುಳ್ಳು ನ್ಯಾಯ ಖಾತೆ. ಪೊಲೀಸ್, ಜೈಲು, ಕೋರ್ಟಿನ ವಿಷಯವಾದ್ದರಿಂದ 2010ರಿಂದ ಇದನ್ನು ಸೂತ್ರದ ಹೊರಗಿಟ್ಟು, ಎರಡೂ ಸಮುದಾಯಗಳ ಬೆಂಬಲದಿಂದ ಸದನವೇ ಆರಿಸುತ್ತದೆ. 2024ರಲ್ಲಿ ಅದು ಅಲಯನ್ಸ್‌ನ ನೇವೋಮಿ ಲಾಂಗ್ ಪಾಲಾಯಿತು. ಹೀಗೆ ಹೊರಗಿಟ್ಟ ಖಾತೆಯನ್ನು ಆ ಪಕ್ಷದ ಲೆಕ್ಕಕ್ಕೆ ಹಿಡಿಯಬೇಕೇ? ಮೇಲಿನ ಅಂಕಿಯಲ್ಲಿ ಹಿಡಿದರೆ ಅಲಯನ್ಸ್‌ನ 17 ಕೂಡಲೇ 8.5 ಆಗುತ್ತದೆ, ಮೂರನೇ ಸರದಿ ಜಾರಿ ಏಳನೆಯದಾಗುತ್ತದೆ. ಖಾತೆಗಳ ಸಂಖ್ಯೆ ಬದಲಾಗದಿದ್ದರೂ ಹಣಕಾಸು ಸಿಗುವ ಪಕ್ಷಕ್ಕೂ ಮಿಕ್ಕಿದ್ದು ಸಿಗುವ ಪಕ್ಷಕ್ಕೂ ಇರುವ ವ್ಯತ್ಯಾಸ ಅದು. ಒಂದು ಸಾಲಿನ ನಿಯಮ. ಅದನ್ನು ಮರೆತರೆ ಒಂದು ತಿಂಗಳ ಜಗಳ.

ಸೂತ್ರದ ದೊಡ್ಡ ಗುಣವೆಂದರೆ ‘ನಿನ್ನ ಜೊತೆ ಸರ್ಕಾರ ಮಾಡುತ್ತೇನೆ’ ಎಂದು ಯಾರೂ ಬಾಯಿಬಿಟ್ಟು ಹೇಳಬೇಕಿಲ್ಲ. ಯಂತ್ರ ಕರೆದಾಗ ಎದ್ದುನಿಂತು ಹೆಸರು ಹೇಳಿದರೆ ಆಯಿತು. ನಿನ್ನೆವರೆಗೆ ಗುಂಡು ಹಾರಿಸಿದವರ ಪಕ್ಕ ಕೂರುವ ನಾಯಕನಿಗೆ ತನ್ನ ಜನರ ಮುಂದೆ ಈ ನೆಪ ಬಹಳ ಬೇಕಾಗುತ್ತದೆ. ದೋಷವೂ ಇಲ್ಲೇ ಇದೆ: ಯಂತ್ರ ಕೊಟ್ಟ ಖಾತೆಯನ್ನು ಯಾರೂ ಕಿತ್ತುಕೊಳ್ಳಲಾಗದ್ದರಿಂದ ಪ್ರತಿ ಮಂತ್ರಿಯೂ ತನ್ನ ಇಲಾಖೆಯ ಪಾಳೇಗಾರನಾಗುತ್ತಾನೆ. 1999ರಲ್ಲಿ ಐಆರ್‌ಎಯ ಹಿಂದಿನ ನಾಯಕ ಮಾರ್ಟಿನ್ ಮೆಕ್‌ಗಿನ್ನೆಸ್ ಶಿಕ್ಷಣ ಖಾತೆ ಆರಿಸಿಕೊಂಡಾಗ ಯೂನಿಯನಿಸ್ಟರು ಬೆಚ್ಚಿಬಿದ್ದರು, ಆದರೆ ತಡೆಯುವ ದಾರಿ ಇರಲಿಲ್ಲ. 2006ರ ಸೇಂಟ್ ಆಂಡ್ರೂಸ್ ಒಪ್ಪಂದ ಒಂದು ಕಡಿವಾಣ ಹಾಕಿತು. ವಿವಾದದ ಅಥವಾ ಬೇರೆ ಇಲಾಖೆಗಳಿಗೂ ತಾಗುವ ನಿರ್ಧಾರ ಸಂಪುಟದ ಮುಂದೆ ಬರಲೇಬೇಕು, ಅಲ್ಲಿ ಮೂವರು ಮಂತ್ರಿಗಳು ಕೇಳಿದರೆ ಎರಡೂ ಸಮುದಾಯದ ಒಪ್ಪಿಗೆಯ ಮತದಾನ ಆಗಬೇಕು. ಇದನ್ನು ಮೊದಲ ದಿನದಿಂದಲೇ ಸೇರಿಸುವುದು ಲೇಸು.

ಖಾತೆ ಹಂಚುವ ಮೊದಲು ಕಾರ್ಯಕ್ರಮಕ್ಕೆ ಒಪ್ಪಿಕೊಳ್ಳಿ ಎಂದು ಉಪದೇಶಿಸುವವರಿದ್ದಾರೆ. ಸರಿಯೇ. ಆದರೆ 2024ರ ಫೆಬ್ರವರಿಯಲ್ಲಿ ಬಂದ ಸರ್ಕಾರ ತನ್ನ ಕಾರ್ಯಕ್ರಮವನ್ನು ಅಂತಿಮಗೊಳಿಸುವ ಹೊತ್ತಿಗೆ ವರ್ಷ ಕಳೆದಿತ್ತು. ಕುರ್ಚಿ ಸಿಕ್ಕ ಮೇಲೆ ಆತುರ ಯಾರಿಗೆ?

ಮೇಲಿನ ಕುರ್ಚಿ

ಮುಖ್ಯ ಹುದ್ದೆಗೆ ಮೂರು ಬಗೆಯ ಏರ್ಪಾಡು ಕಾಣುತ್ತೇವೆ. ಜಂಟಿ ಹುದ್ದೆ, ಸರದಿ, ಅಥವಾ ಒಬ್ಬ ಅಧ್ಯಕ್ಷ ಇನ್ನೊಬ್ಬ ಪ್ರಧಾನಿ.

ಮೂರನೆಯದಕ್ಕೆ ಉದಾಹರಣೆ ಕೀನ್ಯಾ. 2007ರ ಕೊನೆಯ ಚುನಾವಣೆಯ ನಂತರದ ಹಿಂಸೆಯಲ್ಲಿ ಸಾವಿರಕ್ಕೂ ಹೆಚ್ಚು ಜನ ಸತ್ತಾಗ, ಕೋಫಿ ಅನ್ನಾನ್ ಮಧ್ಯಸ್ಥಿಕೆಯಲ್ಲಿ 2008ರ ಫೆಬ್ರವರಿ 28ರಂದು ಒಪ್ಪಂದವಾಯಿತು. ಮ್ವಾಯ್ ಕಿಬಾಕಿ ಅಧ್ಯಕ್ಷರಾಗಿ ಉಳಿದರು, ರೈಲಾ ಒಡಿಂಗಾಗೆ ಹೊಸದಾಗಿ ಪ್ರಧಾನಿ ಹುದ್ದೆ ಸೃಷ್ಟಿಸಿದರು. ಎರಡೂ ಕಡೆಯವರಿಗೆ ಕುರ್ಚಿ ಸಾಲದೆ ಸಂಪುಟ 40 ಮಂತ್ರಿಗಳಿಗೆ ಊದಿಕೊಂಡಿತು. ಬೆಲೆ ದುಬಾರಿ, ಆದರೆ ಹಿಂಸೆ ನಿಂತಿತು, ಏರ್ಪಾಡು 2013ರ ಚುನಾವಣೆಯವರೆಗೂ ಬಾಳಿತು.

ಸರದಿಯ ಶುದ್ಧ ರೂಪ ಕೊಲಂಬಿಯಾದಲ್ಲಿತ್ತು. ಲಿಬರಲ್ ಮತ್ತು ಕನ್ಸರ್ವೇಟಿವ್ ಪಕ್ಷಗಳು 1958ರಿಂದ 1974ರವರೆಗೆ, 16 ವರ್ಷ, ನಾಲ್ಕು ವರ್ಷಕ್ಕೊಮ್ಮೆ ಅಧ್ಯಕ್ಷಗಿರಿಯನ್ನು ಅದಲುಬದಲು ಮಾಡಿಕೊಂಡವು, ಉಳಿದ ಹುದ್ದೆಗಳನ್ನು ಸಮಪಾಲು ಹಂಚಿಕೊಂಡವು. ನಾಲ್ಕು ಸರದಿಯೂ ತಪ್ಪದೆ ನಡೆಯಿತು, ಏಕೆಂದರೆ ಅದು ನಾಯಕರ ಮಾತಾಗಿರದೆ ಸಂವಿಧಾನದ ಭಾಗವಾಗಿತ್ತು. ನಾಯಕರ ಮಾತಿನ ಮೇಲೆ ನಿಂತ ಸರದಿ ಏನಾಗುತ್ತದೆ ಎಂದು 2007ರ ಅಕ್ಟೋಬರನ್ನು ನೆನಪಿಟ್ಟುಕೊಂಡಿರುವ ಕರ್ನಾಟಕದ ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ. ಅಲ್ಲಿ ಯುದ್ಧವಿರಲಿಲ್ಲ, 20 ತಿಂಗಳ ಗಡುವಷ್ಟೇ ಇತ್ತು. ಕೊಲಂಬಿಯಾದ ಏರ್ಪಾಡಿನ ಕೊರತೆ ಬೇರೆ. ಎರಡೇ ಪಕ್ಷಗಳಿಗೆ ಮನೆ ಕಟ್ಟಿದ್ದರಿಂದ ಮೂರನೆಯವರಿಗೆ ಬಾಗಿಲೇ ಇರಲಿಲ್ಲ. ಗೆರಿಲ್ಲಾ ಗುಂಪುಗಳು ಹುಟ್ಟಿದ್ದು ಅದೇ ಕಾಲದಲ್ಲಿ.

ಉತ್ತರ ಐರ್ಲೆಂಡಿನದು ಜಂಟಿ ಹುದ್ದೆ. ಪ್ರಥಮ ಮಂತ್ರಿ ಮತ್ತು ಉಪ ಪ್ರಥಮ ಮಂತ್ರಿಯ ಅಧಿಕಾರ ಕೂದಲೆಳೆಯಷ್ಟೂ ಬೇರೆಯಲ್ಲ. ಒಬ್ಬರ ಸಹಿ ಇಲ್ಲದೆ ಇನ್ನೊಬ್ಬರದು ನಡೆಯದು. ಆದರೆ ‘ಉಪ’ ಎಂಬ ಎರಡಕ್ಷರ ದುಬಾರಿಯಾಯಿತು. 1998ರಲ್ಲಿ ಇಬ್ಬರನ್ನೂ ಸದನ ಒಂದೇ ಮತದಲ್ಲಿ ಜೋಡಿಯಾಗಿ ಆರಿಸುತ್ತಿತ್ತು. ಪೇಸ್ಲಿ ಮತ್ತು ಮೆಕ್‌ಗಿನ್ನೆಸ್ ಪರಸ್ಪರ ಮತ ಹಾಕುವ ಮುಜುಗರ ತಪ್ಪಿಸಲು 2006ರಲ್ಲಿ ನಿಯಮ ಬದಲಾಯಿತು. ಅತಿ ದೊಡ್ಡ ಪಕ್ಷ ಪ್ರಥಮನನ್ನು ನೇಮಿಸುತ್ತದೆ, ಎದುರು ಬಣದ ದೊಡ್ಡ ಪಕ್ಷ ಉಪನನ್ನು. ಮುಜುಗರ ತಪ್ಪಿತು, ಆದರೆ ಅಲ್ಲಿಂದಾಚೆ ಪ್ರತಿ ಚುನಾವಣೆಯೂ ‘ಅವರು ಮೊದಲು ಬಾರದಂತೆ ನಮಗೆ ಮತ ಹಾಕಿ’ ಎಂಬ ಓಟವಾಯಿತು. ಎರಡೂ ಬಣಗಳ ಸಣ್ಣ ಪಕ್ಷಗಳು ಸೊರಗಿದವು. ನಮ್ಮ ಸಲಹೆ: ಅಧಿಕಾರ ಒಂದೇ ಆದರೆ ಹೆಸರೂ ಒಂದೇ ಇರಲಿ. ಸಮಾನರಿಗೆ ಬೇರೆ ಬೇರೆ ಹಲಗೆ ಬರೆಸುವುದು ಪುಕ್ಕಟೆ ಜಗಳ.

ತಡೆಯಧಿಕಾರ: ಎಷ್ಟು ಗಟ್ಟಿ, ಯಾವುದಕ್ಕೆ

ಅಲ್ಪಸಂಖ್ಯಾತ ಬಣ ಬಂದೂಕು ಇಳಿಸುವುದೇ ‘ನಾಳೆ ಬಹುಮತದಿಂದ ನನ್ನನ್ನು ತುಳಿಯಲಾರರು’ ಎಂಬ ಭರವಸೆಯ ಮೇಲೆ. ಹಾಗಾಗಿ ತಡೆಯಧಿಕಾರ ಬೇಕೇ ಬೇಕು. ಪ್ರಶ್ನೆ ಅಳತೆಯದು.

ಬೆಲ್‌ಫಾಸ್ಟ್‌ನ ಸ್ಟಾರ್‌ಮಾಂಟ್‌ನಲ್ಲಿರುವ ಉತ್ತರ ಐರ್ಲೆಂಡಿನ ಸದನದಲ್ಲಿ ಪ್ರತಿ ಸದಸ್ಯರೂ ಮೊದಲ ದಿನ ತಾವು ಯೂನಿಯನಿಸ್ಟ್, ನ್ಯಾಷನಲಿಸ್ಟ್ ಅಥವಾ ಇತರ ಎಂದು ಬರೆಸಬೇಕು. ಮುಖ್ಯ ವಿಷಯಗಳಿಗೆ ಎರಡರಲ್ಲಿ ಒಂದು ಪರೀಕ್ಷೆ ದಾಟಬೇಕು. ಸಮಾನಾಂತರ ಒಪ್ಪಿಗೆ: ಮತ ಹಾಕಿದವರಲ್ಲಿ ಒಟ್ಟಾರೆ ಬಹುಮತ, ಜೊತೆಗೆ ಎರಡೂ ಬಣದೊಳಗೆ ಬಹುಮತ. ತೂಕದ ಬಹುಮತ: ಒಟ್ಟಾರೆ ಶೇ. 60, ಪ್ರತಿ ಬಣದೊಳಗೆ ಕನಿಷ್ಠ ಶೇ. 40. ಎರಡನೆಯದು ಸಡಿಲ. ಒಂದು ಬಣ ಒಳಗೇ ಒಡೆದಾಗ ಅದರ ಶೇ. 60ಕ್ಕಿಂತ ಹೆಚ್ಚು ಮಂದಿ ಹಟ ಹಿಡಿಯದ ಹೊರತು ಕೆಲಸ ಸಾಗಲಿ ಎಂದು.

ಗಟ್ಟಿ ಪರೀಕ್ಷೆ ಹೇಗೆ ಕೈಕೊಡುತ್ತದೆ ಎಂಬುದು 2001ರ ನವೆಂಬರಿನಲ್ಲಿ ಗೊತ್ತಾಯಿತು. ಪ್ರಥಮ ಮಂತ್ರಿಯಾಗಿದ್ದ ಯುಯುಪಿ ನಾಯಕ ಡೇವಿಡ್ ಟ್ರಿಂಬಲ್ ಮರುಆಯ್ಕೆಗೆ ಸದನದ ಮೂರನೇ ಎರಡಕ್ಕೂ ಹೆಚ್ಚು ಬೆಂಬಲವಿತ್ತು, ನ್ಯಾಷನಲಿಸ್ಟರೆಲ್ಲ ಪರವಾಗಿದ್ದರು. ಯೂನಿಯನಿಸ್ಟರಲ್ಲಿ ಮಾತ್ರ 29 ಪರ, 30 ವಿರುದ್ಧ. ಒಂದು ಮತದಿಂದ ಬಿತ್ತು. ನಾಲ್ಕು ದಿನ ಬಿಟ್ಟು, ‘ಇತರ’ ಎಂದು ಬರೆಸಿದ್ದ ಅಲಯನ್ಸ್‌ನ ಮೂವರು ತಾತ್ಕಾಲಿಕವಾಗಿ ಯೂನಿಯನಿಸ್ಟರೆಂದು ಬರೆಸಿಕೊಂಡು ಆಯ್ಕೆ ಮಾಡಿಸಿದರು. ಸರ್ಕಾರ ಉಳಿಯಿತು, ನಿಯಮದ ಮರ್ಯಾದೆ ಹೋಯಿತು. ‘ಇತರ’ರ ಮತಕ್ಕೆ ಬಣದ ಪರೀಕ್ಷೆಯಲ್ಲಿ ಬೆಲೆಯೇ ಇಲ್ಲ ಎಂಬ ಮೂಲದೋಷ ಇಂದಿಗೂ ಉಳಿದಿದೆ. ಆಗ ಅಲಯನ್ಸ್ ಸಣ್ಣ ಪಕ್ಷ, ಈಗ 17 ಸ್ಥಾನದ ಮೂರನೇ ದೊಡ್ಡ ಪಕ್ಷ.

ಇನ್ನೊಂದು ಸಾಧನ ‘ಆತಂಕದ ಅರ್ಜಿ’. 30 ಸದಸ್ಯರು ಸಹಿ ಹಾಕಿದರೆ ಯಾವ ವಿಷಯವನ್ನಾದರೂ ಈ ಕಠಿಣ ಪರೀಕ್ಷೆಗೆ ಎಳೆಯಬಹುದು. ಬರೆದವರ ಮನಸ್ಸಿನಲ್ಲಿದ್ದದ್ದು ಅಪರೂಪಕ್ಕೆ ಎಳೆಯುವ ತುರ್ತು ಸರಪಳಿ. ಆದರೆ 2011ರ ಸದನದಲ್ಲಿ ಡಿಯುಪಿ ಒಂದೇ 38 ಸ್ಥಾನ ಗೆದ್ದಿತ್ತು, ಯಾರ ಸಹಿಯೂ ಬೇಕಿರಲಿಲ್ಲ. ಆ ಒಂದೇ ಅವಧಿಯಲ್ಲಿ ಅರ್ಜಿ ನೂರಕ್ಕೂ ಹೆಚ್ಚು ಸಲ ಬಳಕೆಯಾಯಿತು. 2015ರಲ್ಲಿ ಸಲಿಂಗ ವಿವಾಹಕ್ಕೆ ಸದನದ ಬಹುಮತ ಸಿಕ್ಕರೂ ಅರ್ಜಿ ಅದನ್ನು ನಿಲ್ಲಿಸಿತು. ಎರಡು ಸಮುದಾಯಗಳ ಜಗಳಕ್ಕೂ ಅದಕ್ಕೂ ಏನು ಸಂಬಂಧ ಎಂದು ಕೇಳುವವರಿಗೆ ನಿಯಮದಲ್ಲಿ ಉತ್ತರವಿರಲಿಲ್ಲ. 2022ರಲ್ಲಿ ರಿಪೇರಿ ಆಯಿತು: ಸಹಿ ಕನಿಷ್ಠ ಎರಡು ಪಕ್ಷಗಳಿಂದ ಬರಬೇಕು, 14 ದಿನ ಕಾಯಬೇಕು, ಸದಸ್ಯರ ನಡತೆಯ ದೂರುಗಳಿಗೆ ಬಳಸುವಂತಿಲ್ಲ. ಕರಡಿನಲ್ಲಿ ಮೊದಲೇ ಹೀಗೆ ಬರೆಯಬಹುದು:

‘ತಡೆಯಧಿಕಾರ ಈ ವಿಷಯಗಳಿಗೆ ಮಾತ್ರ: ಭಾಷೆ, ಶಿಕ್ಷಣ, ಪೊಲೀಸ್, ಬಜೆಟ್, ಚುನಾವಣಾ ನಿಯಮ, ಈ ಒಪ್ಪಂದದ ತಿದ್ದುಪಡಿ. ಇದನ್ನು ಒಂದೇ ಪಕ್ಷ ಬಳಸುವಂತಿಲ್ಲ. ಬಳಸಿದವರು ಕಾರಣವನ್ನು ಲಿಖಿತವಾಗಿ ಕೊಡಬೇಕು. ವಿಷಯ ಪಟ್ಟಿಯೊಳಗಿದೆಯೇ ಎಂಬುದನ್ನು ನ್ಯಾಯಾಲಯ 21 ದಿನದಲ್ಲಿ ತೀರ್ಮಾನಿಸಬೇಕು.’

ಪಟ್ಟಿ ನಿಮ್ಮ ದೇಶಕ್ಕೆ ತಕ್ಕಂತೆ ಬದಲಾಗಲಿ, ಪಟ್ಟಿ ಇರಲಿ. ಇನ್ನು ಸಮುದಾಯದ ಹೆಸರನ್ನೇ ಸಂವಿಧಾನದಲ್ಲಿ ಕೊರೆಯುವುದಕ್ಕೆ ಮುಂಚೆ ಬೋಸ್ನಿಯಾ ಕಡೆ ನೋಡಿ. 1995ರ ಡೇಟನ್ ಒಪ್ಪಂದ ಮೂವರು ಸದಸ್ಯರ ಅಧ್ಯಕ್ಷಪೀಠವನ್ನು ಬೋಸ್ನಿಯಾಕ್, ಕ್ರೊಯೇಟ್, ಸರ್ಬ್ ಎಂದು ಹಂಚಿತು. ರೋಮಾ ಜನಾಂಗದವರು, ಯಹೂದಿಗಳು ಸ್ಪರ್ಧಿಸಲೇ ಆಗದು. ಇದು ತಾರತಮ್ಯ ಎಂದು ಐರೋಪ್ಯ ಮಾನವ ಹಕ್ಕು ನ್ಯಾಯಾಲಯ 2009ರ ಡಿಸೆಂಬರಿನಲ್ಲಿ ಹೇಳಿತು. ಕೊರೆದದ್ದನ್ನು ಅಳಿಸಲು ಮೂರೂ ಬಣ ಒಪ್ಪಬೇಕು, ಹಾಗಾಗಿ ವರ್ಷಗಳು ಉರುಳಿದವು. ಲೆಬನಾನಿನಲ್ಲಿ ಧರ್ಮ, ಪಂಗಡಗಳ ಪಾಲು ನಿಂತದ್ದು 1932ರ ಜನಗಣತಿಯ ಮೇಲೆ. ಅದಾದ ಮೇಲೆ ಅಲ್ಲಿ ಅಧಿಕೃತ ಜನಗಣತಿಯೇ ನಡೆದಿಲ್ಲ. ಎಣಿಸಿದರೆ ಪಾಲು ಬದಲಾಗುತ್ತದೆಂಬ ಭಯ.

ಬಂದೂಕು ಮೊದಲೋ ಕುರ್ಚಿ ಮೊದಲೋ

1998ರ ಒಪ್ಪಂದದಲ್ಲಿ ಅತ್ಯಂತ ಮಸುಕಾಗಿ ಬರೆದ ಭಾಗ ಇದು. ಶಸ್ತ್ರಗಳನ್ನು ಎರಡು ವರ್ಷದಲ್ಲಿ, ಅಂದರೆ 2000ದ ಮೇ ಒಳಗೆ, ನಿಷ್ಕ್ರಿಯಗೊಳಿಸಲು ‘ಪ್ರಭಾವ ಬೀರುತ್ತೇವೆ’ ಎಂದು ಪಕ್ಷಗಳು ಒಪ್ಪಿದವು. ಮಾಡದಿದ್ದರೆ ಮಂತ್ರಿಗಿರಿ ಇಲ್ಲ ಎಂದು ಬರೆಯಲಿಲ್ಲ. ಬರೆದಿದ್ದರೆ ಸಹಿ ಬೀಳುತ್ತಿರಲಿಲ್ಲ. ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಎಂಬ ಲೆಕ್ಕ. ದೊಣ್ಣೆ ಎರಡನೇ ಸಲ ಬೀಸಿತು: 1999ರ ಡಿಸೆಂಬರ್ 2ರಂದು ಶುರುವಾದ ಸರ್ಕಾರವನ್ನು 2000ದ ಫೆಬ್ರವರಿ 11ರಂದು ಲಂಡನ್ ಅಮಾನತು ಮಾಡಿತು.

ಬಿಕ್ಕಟ್ಟು ಬಿಡಿಸಿದ್ದು ಮೂರನೆಯವರ ಕಣ್ಣು. ಫಿನ್ಲೆಂಡಿನ ಮಾರ್ಟಿ ಅಹ್ತಿಸಾರಿ ಮತ್ತು ದಕ್ಷಿಣ ಆಫ್ರಿಕಾದ ಸಿರಿಲ್ ರಾಮಫೋಸಾ ಐಆರ್‌ಎ ಶಸ್ತ್ರಾಗಾರಗಳನ್ನು ಗುಟ್ಟಾಗಿ ನೋಡಿ, ಬಳಕೆಯಾಗಿಲ್ಲ ಎಂದು ವರದಿ ಕೊಟ್ಟರು. ಕೊನೆಗೆ ಕೆನಡಾದ ಜನರಲ್ ಜಾನ್ ಡಿ ಷಾಸ್ಟಲೇನ್ ನೇತೃತ್ವದ ಸ್ವತಂತ್ರ ಆಯೋಗ 2005ರ ಸೆಪ್ಟೆಂಬರಿನಲ್ಲಿ ಕೆಲಸ ಮುಗಿದಿದೆ ಅಂದಿತು. ಸಾಕ್ಷಿಯಾಗಿ ನಿಂತವರು ಒಬ್ಬ ಕ್ಯಾಥೊಲಿಕ್, ಒಬ್ಬ ಮೆಥಡಿಸ್ಟ್ ಪಾದ್ರಿ. ಫೋಟೊ ಕೊಡಲಿಲ್ಲ. ಫೋಟೊ ಎಂದರೆ ಶರಣಾಗತಿ ಎಂದು ಐಆರ್‌ಎ ಹಟ ಹಿಡಿದಿತ್ತು.

ಹಾವೂ ಸಾಯದೆ ಕೋಲೂ ಮುರಿಯದೆ ಇದನ್ನು ಮಾಡುವ ಇನ್ನೂ ಸೊಗಸಾದ ವಿಧಾನ ನೇಪಾಳದ್ದು. 2006ರ ಒಪ್ಪಂದದ ನಂತರ ಮಾವೋವಾದಿ ಸೈನಿಕರು 7 ಮುಖ್ಯ, 21 ಉಪ ಶಿಬಿರಗಳಲ್ಲಿ ನೆಲೆಸಿದರು. ವಿಶ್ವಸಂಸ್ಥೆ ಪರಿಶೀಲಿಸಿ ದೃಢಪಡಿಸಿದ ಸಂಖ್ಯೆ 19,602. ಬಂದೂಕುಗಳನ್ನು ಕಂಟೇನರುಗಳಿಗೆ ಹಾಕಿ ಬೀಗ ಜಡಿದು ಕೀಲಿಯನ್ನು ಅವರ ಕೈಗೇ ಕೊಟ್ಟರು. ಆದರೆ ಮೇಲೆ ವಿಶ್ವಸಂಸ್ಥೆಯ ಕ್ಯಾಮೆರಾ, ಸೈರನ್. ನೇಪಾಳ ಸೇನೆಯೂ ಅಷ್ಟೇ ಸಂಖ್ಯೆಯ ಶಸ್ತ್ರಗಳನ್ನು ಹಾಗೆಯೇ ಬೀಗದಲ್ಲಿಟ್ಟಿತು. ಕೊನೆಗೆ ಸೇನೆ ಸೇರಿದವರು ಸುಮಾರು 1,400 ಮಂದಿ. ಹೆಚ್ಚಿನವರು 5ರಿಂದ 8 ಲಕ್ಷ ನೇಪಾಳಿ ರೂಪಾಯಿ ಪಡೆದು ಮನೆಗೆ ಹೋದರು. ಆರು ವರ್ಷ ಹಿಡಿಯಿತು, ಯುದ್ಧ ಮರುಕಳಿಸಲಿಲ್ಲ.

ತದ್ವಿರುದ್ಧ ದಕ್ಷಿಣ ಸುಡಾನ್. 2016ರಲ್ಲಿ ಕೀರ್ ಮತ್ತು ಮಚಾರ್ ಒಂದೇ ಸರ್ಕಾರದಲ್ಲಿದ್ದರು, ಒಂದೇ ಊರಿನಲ್ಲಿ ತಮ್ಮ ತಮ್ಮ ಸೈನಿಕರನ್ನು ಇಟ್ಟುಕೊಂಡಿದ್ದರು. ಜುಲೈಯಲ್ಲಿ ಜೂಬಾದಲ್ಲೇ ಗುಂಡಿನ ಕಾಳಗ ನಡೆದು ಸರ್ಕಾರ ಚೂರಾಯಿತು. 2018ರಲ್ಲಿ 83,000 ಮಂದಿಯ ಒಂದೇ ಪಡೆ ಕಟ್ಟುವುದೆಂದು ಬರೆದರು, ಅದಕ್ಕೆ ಕಾಯದೆ 2020ರ ಫೆಬ್ರವರಿಯಲ್ಲಿ ಸರ್ಕಾರ ರಚಿಸಿದರು. 2025ರ ಮಾರ್ಚಿನಲ್ಲಿ ಮಚಾರ್ ಗೃಹಬಂಧನಕ್ಕೆ ಒಳಗಾದರು.

ಪೊಲೀಸ್ ವಿಷಯ ಚಿಕ್ಕದಾಗಿ: ಹೆಸರು, ಲಾಂಛನ, ನೇಮಕ ಮೂರನ್ನೂ ಒಟ್ಟಿಗೆ ಬದಲಿಸಿ. ಉತ್ತರ ಐರ್ಲೆಂಡ್ 2001ರಲ್ಲಿ ಹಳೆಯ ಪಡೆಗೆ ಹೊಸ ಹೆಸರಿಟ್ಟು, 2011ರವರೆಗೆ ಹೊಸ ನೇಮಕದಲ್ಲಿ ಅರ್ಧ ಕ್ಯಾಥೊಲಿಕರು, ಅರ್ಧ ಉಳಿದವರು ಎಂಬ ನಿಯಮ ಪಾಲಿಸಿತು. ಶೇ. 8ರಷ್ಟಿದ್ದ ಕ್ಯಾಥೊಲಿಕರ ಪಾಲು ಶೇ. 30ರ ಹತ್ತಿರ ಬಂತು.

ಎದ್ದು ಹೋಗುವವರ ನಿಯಮ

ಮೊದಲು ಬರೆಯಿರಿ ಎಂದದ್ದು ಇದನ್ನೇ. ಉತ್ತರ ಐರ್ಲೆಂಡಿನಲ್ಲಿ ಇಬ್ಬರು ಪ್ರಥಮರಲ್ಲಿ ಒಬ್ಬರು ರಾಜೀನಾಮೆ ಕೊಟ್ಟರೆ ಇನ್ನೊಬ್ಬರೂ ಹುದ್ದೆ ಕಳೆದುಕೊಳ್ಳುತ್ತಾರೆ. ಎತ್ತು ಏರಿಗೆಳೆದಾಗ ಕೋಣ ನೀರಿಗೆಳೆಯದಿರಲಿ ಎಂದು ಎರಡನ್ನೂ ಒಂದೇ ನೊಗಕ್ಕೆ ಕಟ್ಟಿದರು. ಒಂದು ಮಲಗಿದರೆ ಗಾಡಿಯೇ ನಿಲ್ಲುತ್ತದೆ. 2017ರ ಜನವರಿ 9ರಂದು, ಇಂಧನಕ್ಕೆ ಖರ್ಚಾದದ್ದಕ್ಕಿಂತ ಹೆಚ್ಚು ಸಬ್ಸಿಡಿ ಕೊಡುತ್ತಿದ್ದ ಮರದ ಬಾಯ್ಲರ್ ಯೋಜನೆಯ ಹಗರಣದ ಮೇಲೆ ಉಪ ಪ್ರಥಮ ಮಂತ್ರಿ ಮೆಕ್‌ಗಿನ್ನೆಸ್ ರಾಜೀನಾಮೆ ಕೊಟ್ಟರು. ಸರ್ಕಾರ ಮರಳಿದ್ದು 2020ರ ಜನವರಿ 11ಕ್ಕೆ. 2022ರ ಫೆಬ್ರವರಿ 3ರಂದು ಪ್ರಥಮ ಮಂತ್ರಿ, ಡಿಯುಪಿಯ ಪಾಲ್ ಗಿವನ್ ಬ್ರೆಕ್ಸಿಟ್ ನಂತರದ ವ್ಯಾಪಾರ ನಿಯಮದ ಸಿಟ್ಟಿಗೆ ರಾಜೀನಾಮೆ ಪ್ರಕಟಿಸಿದರು. ಸಿನ್ ಫೇನ್‌ನ ಮಿಷೆಲ್ ಓ'ನೀಲ್ ಮತ್ತು ಡಿಯುಪಿಯ ಎಮಾ ಲಿಟಲ್-ಪೆಂಗೆಲಿ ಅಧಿಕಾರ ವಹಿಸಿಕೊಂಡದ್ದು ಸರಿಯಾಗಿ ಎರಡು ವರ್ಷಕ್ಕೆ. ಒಮ್ಮೆ ಸಿನ್ ಫೇನ್, ಒಮ್ಮೆ ಡಿಯುಪಿ. ಎರಡೂ ಸಲ ಎದ್ದು ಹೋದವರಿಗೆ ಮುಂದಿನ ಸರ್ಕಾರದಲ್ಲಿ ಜಾಗ ಭದ್ರವಾಗಿತ್ತು.

ನಡುವೆ ಆಡಳಿತ ಅಧಿಕಾರಿಗಳ ತಲೆಗೆ ಬಿತ್ತು. ಕಸದಿಂದ ವಿದ್ಯುತ್ ತಯಾರಿಸುವ ದೊಡ್ಡ ಘಟಕಕ್ಕೆ ಇಲಾಖೆಯೊಂದು ಅನುಮತಿ ಕೊಟ್ಟಾಗ, ಮಂತ್ರಿಯಿಲ್ಲದೆ ಇಂಥ ನಿರ್ಧಾರ ಮಾಡುವಂತಿಲ್ಲ ಎಂದು 2018ರಲ್ಲಿ ಕೋರ್ಟು ಅದನ್ನು ಹೊಡೆದುಹಾಕಿತು.

ದಕ್ಷಿಣ ಆಫ್ರಿಕಾದ 1993ರ ಮಧ್ಯಂತರ ಸಂವಿಧಾನ ಇದನ್ನು ಬೇರೆ ರೀತಿ ಕಟ್ಟಿತ್ತು. 400ರಲ್ಲಿ 20 ಸ್ಥಾನ ಗೆದ್ದ ಪಕ್ಷಕ್ಕೆ ಸಂಪುಟದಲ್ಲಿ ಪಾಲು, 80 ಗೆದ್ದವರಿಗೆ ಉಪಾಧ್ಯಕ್ಷ ಹುದ್ದೆ, ಎಲ್ಲವೂ ಐದು ವರ್ಷಕ್ಕೆ ಮಾತ್ರ. ಪಾಲು ಹಕ್ಕು, ಕಡ್ಡಾಯವಲ್ಲ. 1996ರ ಜೂನ್ ಕೊನೆಯಲ್ಲಿ ವರ್ಣಭೇದ ಆಡಳಿತದ ಕೊನೆಯ ಅಧ್ಯಕ್ಷ ಎಫ್. ಡಬ್ಲ್ಯೂ. ಡಿ ಕ್ಲರ್ಕ್ ತಮ್ಮ ನ್ಯಾಷನಲ್ ಪಕ್ಷವನ್ನು ಹೊರಗೆ ಕರೆದೊಯ್ದಾಗ ಅವರ ಕುರ್ಚಿಗಳು ಖಾಲಿಯಾದವು, ಮಂಡೇಲಾ ಸರ್ಕಾರ ಮುಂದುವರಿಯಿತು. ಅಲ್ಲಿ ಒಂದು ಪಕ್ಷಕ್ಕೆ ಸ್ಪಷ್ಟ ಬಹುಮತವಿತ್ತು ಎಂಬುದು ನಿಜ. ಸಮಬಲದ ಕಡೆ ಇದನ್ನು ಹಾಗೇ ತಂದಿಡಲಾಗದು. ಲೆಬನಾನ್ ಇನ್ನೊಂದು ತುದಿ. 2008ರ ದೋಹಾ ಒಪ್ಪಂದ 30 ಮಂತ್ರಿಗಳಲ್ಲಿ 11 ವಿರೋಧಿ ಬಣಕ್ಕೆ ಕೊಟ್ಟಿತು. ಮೂರನೇ ಒಂದಕ್ಕಿಂತ ಹೆಚ್ಚು ಮಂತ್ರಿಗಳು ಹೋದರೆ ಸರ್ಕಾರ ಬಿತ್ತೆಂದೇ ಸಂವಿಧಾನ. 2011ರ ಜನವರಿಯಲ್ಲಿ 11 ಮಂತ್ರಿಗಳು ಎದ್ದರು, ಸಾದ್ ಹರಿರಿ ಸರ್ಕಾರ ಹೋಯಿತು.

ಈ ಎರಡು ತುದಿಗಳ ನಡುವೆ, ಸಮಬಲದ ಬಣಗಳಿಗೆ ಹೊಂದುವ ಕಲಮನ್ನು ಹೀಗೆ ಬರೆಯಬಹುದು:

‘ಜಂಟಿ ಹುದ್ದೆಯ ಒಬ್ಬರು ತೆರವು ಮಾಡಿದರೆ ಇನ್ನೊಬ್ಬರು ದಿನನಿತ್ಯದ ಆಡಳಿತಕ್ಕೆ 6 ವಾರ ಮುಂದುವರಿಯತಕ್ಕದ್ದು. ಆ ಅವಧಿಯಲ್ಲಿ ಹೊಸ ನೀತಿ, ಹೊಸ ನೇಮಕ ಇಲ್ಲ. ಕಳೆದ ವರ್ಷದ ಬಜೆಟ್ಟಿನ ತಿಂಗಳ ಪಾಲು ಜಾರಿಯಲ್ಲಿರುತ್ತದೆ. 6 ವಾರದಲ್ಲಿ ಪಕ್ಷ ಹೆಸರು ಕೊಡದಿದ್ದರೆ, ಹಕ್ಕು ಅದೇ ಬಣದ ಮುಂದಿನ ದೊಡ್ಡ ಪಕ್ಷಕ್ಕೆ ಹೋಗುತ್ತದೆ. ಅದೂ ನಿರಾಕರಿಸಿದರೆ 12 ವಾರದೊಳಗೆ ಚುನಾವಣೆ. ಉಳಿದ ಮಂತ್ರಿಗಳು ಹೊಸ ಸರ್ಕಾರ ಬರುವವರೆಗೆ ಹುದ್ದೆಯಲ್ಲಿರುತ್ತಾರೆ.’

ಇದರಲ್ಲಿ ಹಲ್ಲಿರುವ ವಾಕ್ಯ ನಾಲ್ಕನೆಯದು. ದೊಡ್ಡ ಪಕ್ಷ ಎದ್ದರೆ ಜಾಗ ಎದುರಾಳಿಗೆ ಹೋಗುವುದಿಲ್ಲ, ತನ್ನದೇ ಬಣದ ದಾಯಾದಿಗೆ ಹೋಗುತ್ತದೆ. ಶತ್ರುವಿಗಿಂತ ದಾಯಾದಿಯ ಭಯ ಹೆಚ್ಚು. ಬ್ರಿಟನ್ 2022ರ ಕಾನೂನಿನಲ್ಲಿ ಏಳು ದಿನದ ಗಡುವನ್ನು ಆರಾರು ವಾರಗಳಂತೆ 24 ವಾರದವರೆಗೆ ಹಿಗ್ಗಿಸಿತು, ಮಂತ್ರಿಗಳು ಉಸ್ತುವಾರಿಯಾಗಿ ಉಳಿಯಲು ಬಿಟ್ಟಿತು, ಆದರೆ ಹಕ್ಕು ಕೈಬದಲಾಗುವ ವಾಕ್ಯ ಸೇರಿಸಲಿಲ್ಲ. ಸಮಯ ಕೊಟ್ಟರು, ಒತ್ತಡ ಕೊಡಲಿಲ್ಲ.

ಸಹಿ ಹಾಕುವ ಹಿಂದಿನ ವಾರ ಕರಡನ್ನು ಮೇಜಿನ ಮೇಲಿಟ್ಟು ನಾಲ್ಕು ಪರೀಕ್ಷೆ ನಡೆಸಿ. ಪ್ರತಿ ಪಕ್ಷದಿಂದ ಒಬ್ಬ ವಕೀಲ, ಒಬ್ಬ ಹಣಕಾಸು ಅಧಿಕಾರಿ ಸಾಕು. ಒಂದು, ಎರಡು ಪಕ್ಷಗಳ ಭಾಗಲಬ್ಧ ಸಮವಾಯಿತು, ಸರದಿ ಯಾರದು? ಎರಡು, ಯಾವ ಬಣಕ್ಕೂ ಸೇರದವರು ಸದನದ ಐದನೇ ಒಂದು ಭಾಗ ಗೆದ್ದರು, ಅವರ ಮತ ಎಲ್ಲಿ ಎಣಿಕೆಯಾಗುತ್ತದೆ? ಮೂರು, ಶಸ್ತ್ರ ಪರಿಶೀಲನಾ ಆಯೋಗ ‘ಅರ್ಧ ಮಾತ್ರ ಮುಗಿದಿದೆ’ ಎಂದು ವರದಿ ಕೊಟ್ಟಿತು, ಮಂತ್ರಿಗಳು ಇರುತ್ತಾರೋ ಹೋಗುತ್ತಾರೋ, ತೀರ್ಮಾನ ಯಾರದು? ನಾಲ್ಕು, ಸೋಮವಾರ ಬೆಳಿಗ್ಗೆ ಜಂಟಿ ನಾಯಕರೊಬ್ಬರು ರಾಜೀನಾಮೆ ಕೊಟ್ಟರು. ಶುಕ್ರವಾರ ಆಸ್ಪತ್ರೆ ನೌಕರರ ಸಂಬಳದ ಕಡತಕ್ಕೆ ಸಹಿ ಹಾಕುವವರ ಹೆಸರು ಕರಡಿನ ಯಾವ ಪುಟದಲ್ಲಿದೆ? ಪುಟ ಸಿಗದಿದ್ದರೆ ಸಹಿಯ ದಿನಾಂಕ ಮುಂದೆ ಹಾಕಿ.